ಚಿಂತಾಮಣಿಯ ಸೊನ್ನೆ

ಶಿಡ್ಲಘಟ್ಟದ ರೇಷ್ಮೆ ನೂಲನ್ನು ಮಾತಾಡಿಸಲು ಹೊರಟಿದ್ದೆ. ಬಿಸಿನೀರಿನಲ್ಲಿ ಬೇಯುತ್ತಿರುವ ಗೂಡುಗಳ ಮುಂದೆ ಪ್ರಶ್ನೆ ಕೇಳುವುದು ಸಭ್ಯತೆಯಲ್ಲವೆನಿಸಿ, ಕಂಪ್ಯೂಟರಿನೊಳಗಿನ ನೂಲನ್ನೇ ಹಿಡಿದೆ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಕೊಟೇಶನ್ ಗುರುತಿನೊಳಗಿನ ಈ ಅಕ್ಷರಸಾಲನ್ನು ಸ್ಟ್ರಿಂಗ್ ಎನ್ನುತ್ತಾರೆ. ಹೆಸರು 'ಚಿಂತಾಮಣಿ'.

ನಾನು: ಆ ಕೊಟೇಶನ್ ಗುರುತು ಬಿಟ್ಟು ಆಚೆ ಬನ್ನಿ, ಕೂತು ಮಾತಾಡೋಣ.

ಚಿಂತಾಮಣಿ: ಬೇಡಿ ಸ್ವಾಮಿ. ಹೊಸಿಲು ದಾಟಿದರೆ ಪೈಥಾನ್ 'ಯಾರು ನೀನು? ಈ ಹೆಸರೇ ಕೇಳಿಲ್ಲ' ಅನ್ನುತ್ತೆ.

ನಾನು: ಎಷ್ಟು ಉದ್ದ ಇದ್ದೀರಿ?

ಚಿಂತಾಮಣಿ: ಮೇಷ್ಟ್ರು ಎಣಿಸಿದರೆ ಚಿಂ, ತಾ, ಮ, ಣಿ, ನಾಲ್ಕು. ಪೈಥಾನ್ ಎಣಿಸಿದರೆ 8. ಗುಡಿಸು, ಇಳಿ, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ತಲೆ. ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಉಳಿಸಿಟ್ಟರೆ 24 ಬೈಟ್. ಪಕ್ಕದ ಶಿಡ್ಲಘಟ್ಟ ನೋಡಿ, ಅವನೂ ನಾಲ್ಕೇ ಅಕ್ಷರ, ಆದ್ರೆ 9 ಆಗ್ತಾನೆ. ಎರಡೂ ಒತ್ತಕ್ಷರಗಳ ಒಳಗೆ ಕಣ್ಣಿಗೆ ಕಾಣದ ಒಂದೊಂದು ವಿರಾಮ ಕೂತಿರುತ್ತೆ.

ನಾನು: ಹಲವು ಗೂಡಿನ ಎಳೆ ಸೇರಿ ಒಂದು ನೂಲಾಗುವ ಹಾಗೆ.

ಚಿಂತಾಮಣಿ: ಅಲ್ಲಿ ನೂಲಿನ ಉದ್ದ ಕೇಳಿದರೆ ಎಳೆಗಳನ್ನೆಲ್ಲ ಕೂಡಿ ಹೇಳಲ್ಲ.

ನಾನು: ಹಿಂದುಮುಂದು ಮಾಡಿದರೆ?

ಚಿಂತಾಮಣಿ: ಣಕಾರಕ್ಕಿಂತ ಮೊದಲು ಅದರ ಗುಡಿಸು ಬಂದು ಕೂರುತ್ತೆ. ಚಿಕ್ಕಬಳ್ಳಾಪುರದ ಬಸ್ಸಲ್ಲಿ ಸೀಟಿಗೆ ಟವೆಲ್ ಬಿದ್ದಿದೆ, ಆಸಾಮಿ ಇನ್ನೂ ಹತ್ತಿಲ್ಲ.

ನಾನು: ಹೆಸರುಗಳ ಪಟ್ಟಿಯಲ್ಲಿ ಹುಡುಕಿದರೆ ಎಷ್ಟೋ ಸಲ ನೀವು ಸಿಗುವುದೇ ಇಲ್ಲವಂತೆ.

ಚಿಂತಾಮಣಿ: ಗೌರಿಬಿದನೂರಿನವನಿಗೆ ಇಂಗ್ಲಿಷಿನಲ್ಲಿ ಆ ಕಷ್ಟ. 'ಗೌ'ಗೆ ಎ-ಯು ಹಾಕಿದರೆ ಒಬ್ಬ, ಒ-ಡಬ್ಲ್ಯು ಹಾಕಿದರೆ ಇನ್ನೊಬ್ಬ. ನನಗೆ ಕನ್ನಡದಲ್ಲೇ. ಚಿಂತಾಮಣಿ, ಚಿ೦ತಾಮಣಿ. ಇದರಲ್ಲಿ ನಾನ್ಯಾರು ಹೇಳಿ?

ನಾನು: ಎರಡೂ ನೀವೇ.

ಚಿಂತಾಮಣಿ: ನಿಮ್ಮ ಕಣ್ಣಿಗೆ! ಎರಡನೆಯವನ ಹೊಟ್ಟೆಯಲ್ಲಿರೋದು ಅನುಸ್ವಾರ ಅಲ್ಲ, ಅಂಕಿ ಸೊನ್ನೆ. ಯುನಿಕೋಡಿನಲ್ಲಿ ಅನುಸ್ವಾರದ ಸಂಖ್ಯೆ 3202, ಆ ಸೊನ್ನೆಯದು 3302. ನೂರು ಮನೆ ಆಚೆ. ಇಬ್ಬರೂ ಒಂದೇನಾ ಅಂತ ಕೇಳಿದರೆ ಯಂತ್ರ ಮುಖ ನೋಡದೆ 'ಅಲ್ಲ' ಅನ್ನುತ್ತೆ. ಊರೆಲ್ಲ ಒಪ್ಪಿದ ಮನುಷ್ಯ ಪಟ್ಟಿಯಲ್ಲಿ ನಾಪತ್ತೆ.

ನಾನು: ತಿದ್ದಿಸಿಕೊಳ್ಳಬಾರದೆ?

ಚಿಂತಾಮಣಿ: ಪೈಥಾನಿನಲ್ಲಿ ನಮ್ಮ ಕುಲ ತಿದ್ದುಪಡಿ ಕಾಣದ್ದು. ಸೊನ್ನೆ ಬದಲಿಸಿ ಅಂದ್ರೆ ಹೊಸಬನೊಬ್ಬನನ್ನ ಹುಟ್ಟಿಸಿ ಕೈಗೆ ಕೊಡ್ತಾರೆ. ಅವನಿಗೊಂದು ಹೆಸರಿಟ್ಟು ಹಿಡ್ಕೊಳ್ಳದಿದ್ದರೆ ಅವನೂ ಹೋದ. ನಾನು ಹಳೇ ಸೊನ್ನೆ ಸಮೇತ ಇಲ್ಲೇ.

(ಹೆಸರಿನ ತಪ್ಪಿಗೆ 'ಹೊಸ ಅರ್ಜಿ ಹಾಕಿ' ಎನ್ನುವ ಕಿಟಕಿಯೊಂದು ನನಗೆ ನೆನಪಾಯಿತು. ಅಲ್ಲಿ ಕೂತವರು ಪೈಥಾನ್ ಕಲಿತವರೇನಲ್ಲ.)

ನಾನು: ನಮಸ್ಕಾರ, ಹೊರಡ್ತೀನಿ.

ಚಿಂತಾಮಣಿ: ಒಂದು ನಿಮಿಷ. ನನ್ನ ಹೆಸರು ಯಾವ ಸೊನ್ನೆಯಲ್ಲಿ ಬರೆದುಕೊಂಡ್ರಿ?

ನಾನು: ಪೆನ್ನಿನಲ್ಲಿ.

ಚಿಂತಾಮಣಿ: ಬದುಕಿದೆ. ಟೈಪ್ ಮಾಡೋರು ಯಾರು?