ಮೂರೇ ಕಾಲಿನ ಮೊಲದ ಮಹನೀಯರಿಗೆ

ಮಾನ್ಯರೇ,

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಈವರೆಗೆ ಸಾಧಿಸಿಕೊಂಡು ಬಂದಿರುವ ತಮಗೆಲ್ಲ ನನ್ನ ನಮಸ್ಕಾರಗಳು. ನೀವು ಹಿಡಿದ ಮೊಲದ ಬಗ್ಗೆ ನಾನು ಚಕಾರ ಎತ್ತುವವನಲ್ಲ. ಆದರೆ ನಾನು ಸಾಕಿದ ಮೊಲಗಳಿಗೂ ನೀವು ಅದೇ ಲೆಕ್ಕ ಹಚ್ಚಲು ಹೊರಟಿದ್ದೀರಿ, ತಕರಾರು ಇರುವುದು ಅಲ್ಲಿ. ನಮ್ಮ ಮನೆಯಲ್ಲಿರುವುದು ಎರಡು ಮೊಲ, ನಿಮ್ಮ ಪ್ರಕಾರ ಆರು ಕಾಲು. ಮೊನ್ನೆ ಗುಡುಗಿದಾಗ ಅವು ನೆಲ ಬಡಿದ ಸದ್ದು ಕೇಳಿದ್ದರೆ ನೀವೇ ಹದಿನಾರು ಅನ್ನುತ್ತಿದ್ದಿರಿ.

ಈ ಪತ್ರ ಬರೆಯುತ್ತಿರುವುದು ದಾವಣಗೆರೆಯಿಂದ, ಭರಣಿ ಮಳೆಯ ದಿನಗಳಲ್ಲಿ. ಊರಿನ ಹತ್ತಿ ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು. ಮೂರು ಪಾಳಿಯ ಪದ್ಧತಿ ಮಾತ್ರ ನಿಂತಿಲ್ಲ. ಮೊದಲ ಪಾಳಿ ಬಿಸಿಲಿನದು, ಬೆಳಗ್ಗೆ ಎಂಟಕ್ಕೇ ಹಾಜರಿ. ಎರಡನೆಯದು ಗಾಳಿ-ಗುಡುಗಿನದು, ಸಂಜೆ ನಾಲ್ಕರ ಮೇಲೆ. ರಾತ್ರಿ ಪಾಳಿ ಸೊಳ್ಳೆಯದು. ಮೂವರಲ್ಲಿ ಒಬ್ಬರೂ ರಜೆ ಹಾಕುವುದಿಲ್ಲ. ಮೂವರ ಕೈಗೂ ಸಿಕ್ಕಿರುವವು ಅವೇ ಎರಡು ಜೀವ: ಹೆಣ್ಣು ಚುಕ್ಕಿ, ಗಂಡು ಗುಂಡ.

ಇವನ್ನು ನಾನು ಕೊಂಡು ತಂದದ್ದಲ್ಲ. ಪಕ್ಕದ ಮನೆಯಲ್ಲಿದ್ದ ಬ್ಯಾಂಕ್ ನೌಕರರು ಮಗಳ ಹುಟ್ಟುಹಬ್ಬಕ್ಕೆಂದು ತಂದಿದ್ದರು. ವರ್ಗಾವಣೆಯಾದಾಗ ಟೀವಿ, ಸಿಲಿಂಡರ್, ಒಣಹಾಕಿದ್ದ ಹಪ್ಪಳ ಎಲ್ಲವನ್ನೂ ಲಾರಿಗೆ ಏರಿಸಿ ಮೊಲಗಳನ್ನು ನಮ್ಮ ಸುಪರ್ದಿಗೆ ಬಿಟ್ಟು ಹೋದರು. ಅಂದಿನಿಂದ ನಮ್ಮ ಓಣಿಯಲ್ಲಿ ತಜ್ಞರಿಗೆ ಬರವಿಲ್ಲ. ಮೊಲ ಸಾಕದವರೆಲ್ಲ ತಜ್ಞರು. ಸಾಕುತ್ತಿರುವ ನಾನೊಬ್ಬನೇ ಅಜ್ಞಾನಿ.

ನಿಮ್ಮ ಮೊದಲ ಸಿದ್ಧಾಂತ, "ಮೊಲ ಅಂದ್ರೆ ಕಾಡುಪ್ರಾಣಿ ಕಣ್ರೀ, ಬಿಸಿಲು ಮಳೆ ಎಲ್ಲ ತಡ್ಕೊಳುತ್ತೆ" ಎಂಬುದು. ನಮ್ಮ ಹೊಲದಂಚಿನ ಕಾಡುಮೊಲ ತಡೆದುಕೊಳ್ಳುತ್ತದೆ, ನಿಜ. ಅದು ಬಿಲ ತೋಡುವುದಿಲ್ಲ, ಪೊದೆಯ ಮರೆಯಲ್ಲೇ ಸಂಸಾರ. ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈಮೇಲೆ ಕೂದಲಿರುತ್ತದೆ. ಸಾಕುಮೊಲದ ಕುಲವೇ ಬೇರೆ. ಅದರ ಪೂರ್ವಿಕರು ಸ್ಪೇನ್, ಪೋರ್ಚುಗಲ್ ಕಡೆಯವರು, ನೆಲದೊಳಗೆ ಬಿಲ ತೋಡಿ ಹಗಲೆಲ್ಲ ತಂಪಿನಲ್ಲಿ ಮಲಗುತ್ತಿದ್ದವರು. 16ರಿಂದ 22 ಡಿಗ್ರಿ ಅವಕ್ಕೆ ಹಿತ. 30 ದಾಟಿದರೆ ಸಂಕಟ ಶುರು, 35 ದಾಟಿದರೆ ಜೀವಕ್ಕೇ ಅಪಾಯ. ಏಪ್ರಿಲಿನಲ್ಲಿ 38 ದಾಟುವುದು ನಮ್ಮೂರಿಗೆ ಸುದ್ದಿಯೇ ಅಲ್ಲ. ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯವರು ದಕ್ಷಿಣದಲ್ಲಿ ಮೊಲ ಸಾಕಲು ಆರಿಸಿಕೊಂಡ ಜಾಗ ಕೊಡೈಕೆನಾಲ್ ಬೆಟ್ಟದ ಮನ್ನವನೂರು. ಅಂಗೋರಾ ಮೊಲಗಳಿಗೆ ಕುಲು ಕಣಿವೆಯ ಗಾರ್ಸಾ. ಸರ್ಕಾರಿ ಮೊಲಗಳಿಗೆ ಗಿರಿಧಾಮ, ಖಾಸಗಿ ಮೊಲಗಳಿಗೆ ತಗಡಿನ ಶೀಟಿನಡಿಯ ತಾರಸಿ. ನೌಕರಿ ಅಂದರೆ ಸರ್ಕಾರಿಯೇ ಇರಬೇಕು ಎಂದು ಹಿರಿಯರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಇನ್ನು ನಿಮ್ಮೊಳಗಿನ ತಂಪು ಪಕ್ಷದವರಿಗೆ ಎರಡು ಮಾತು. ಜಗತ್ತಿನಲ್ಲಿ ಇರುವುದು ಉಷ್ಣ, ತಂಪು ಎಂಬ ಎರಡೇ ತತ್ವ ಎಂದು ನಂಬಿದವರು ನೀವು. ಎದುರು ಮನೆಯ ಅಜ್ಜಿಯವರು ಚುಕ್ಕಿಗೆ ಇಂಗು ಹಾಕಿದ ಮಜ್ಜಿಗೆ ಕಳಿಸಿದರು. ಅವರ ಸೊಸೆ ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟರು. ಮೂಲೆಮನೆ ಮಾವನವರು ಗುಂಡನ ನೆತ್ತಿಗೆ ಹರಳೆಣ್ಣೆ ಒತ್ತಲು ಬಟ್ಟಲು ಹಿಡಿದೇ ಬಂದಿದ್ದರು. ಬಿಸಿಲಿಗೆ ಹೋಗುವಾಗ ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವ ಇನ್ನೊಬ್ಬರು ಅದೇ ನ್ಯಾಯದಲ್ಲಿ ಗೂಡಿಗೆ ಈರುಳ್ಳಿ ಸರ ಕಟ್ಟಲು ನೋಡಿದರು. ಈರುಳ್ಳಿ ಮೊಲಕ್ಕೆ ವಿಷ ಸ್ವಾಮಿ, ರಕ್ತಕಣಗಳನ್ನೇ ಒಡೆಯುತ್ತದೆ. ಮೊಲದ ಹೊಟ್ಟೆ ಹುಲ್ಲಿಗಾಗಿ ಹುಟ್ಟಿದ್ದು. ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಒಳಗೆ ಹೋದದ್ದು ಇಡೀ ದಾರಿ ಸವೆಸಿಯೇ ಹೊರಬರಬೇಕು. ಕಲ್ಲಂಗಡಿ ಒಂದು ಚೂರಾದರೆ ಸರಿ, ಹೋಳುಗಟ್ಟಲೆ ಹಾಕಿದರೆ ಸಕ್ಕರೆ ಕರುಳಲ್ಲಿ ಹುಳಿತು ಹೊಟ್ಟೆ ಉಬ್ಬರಿಸುತ್ತದೆ. ಗರಿಕೆ, ಒಣಹುಲ್ಲು, ಒಂದಿಷ್ಟು ಹಿಪ್ಪುನೇರಳೆ ಸೊಪ್ಪು, ಎರಡು ಕಡೆ ಮಣ್ಣಿನ ಬೋಗುಣಿಯಲ್ಲಿ ನೀರು. ಇಷ್ಟೇ ಎಂದರೆ ನಿಮಗೆ ಏನೋ ಕಡಿಮೆಯಾದ ಹಾಗೆ.

"ಫ್ಯಾನ್ ಹಾಕ್ರೀ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಎನ್ನುವವರು ಇನ್ನೊಂದು ಗುಂಪು. ಫ್ಯಾನು ನಮಗೆ ತಂಪೆನಿಸುವುದು ಮೈಯ ಬೆವರು ಆರುವುದರಿಂದ. ಮೊಲ ನಮ್ಮಂತೆ ಬೆವರುವುದಿಲ್ಲ. ಬಿಸಿಯನ್ನು ಹೊರಹಾಕಲು ಅದಕ್ಕಿರುವ ದೊಡ್ಡ ದಾರಿ ಕಿವಿ. ಮಧ್ಯಾಹ್ನ ಎರಡರ ಹೊತ್ತಿಗೆ ಬಂದು ಚುಕ್ಕಿಯನ್ನು ನೋಡಿ. ಕಡಪಾ ಕಲ್ಲಿನ ಮೇಲೆ ಹಿಂಗಾಲು ಹಿಂದಕ್ಕೆ ಚಾಚಿ, ಹೊಟ್ಟೆ ಕಲ್ಲಿಗೆ ಅಂಟಿಸಿ ಬಿದ್ದಿರುತ್ತಾಳೆ. ಕಿವಿ ಬೆಳಕಿಗೆ ಅಡ್ಡ ಬಂದರೆ ಒಳಗಿನ ರಕ್ತನಾಳಗಳು ಕವಲು ಕವಲಾಗಿ ಕೆಂಪಗೆ ಉಬ್ಬಿ ಕಾಣುತ್ತವೆ. ಮೂಗಿನ ಹೊಳ್ಳೆ ಎಣಿಸಲಾಗದಷ್ಟು ಬೇಗ ಬೇಗ ಅದುರುತ್ತಿರುತ್ತದೆ. ಆಗ ನಾನು ಮಾಡುವುದು ಬೆರಳನ್ನು ನೀರಲ್ಲಿ ಅದ್ದಿ ಆ ಕಿವಿಗಳಿಗೆ ಸವರುವುದು, ಗೂಡಿನ ಪಶ್ಚಿಮಕ್ಕೆ ಇಳಿಬಿಟ್ಟ ಗೋಣಿತಟ್ಟಿಗೆ ನೀರು ಚಿಮುಕಿಸಿ ಅದರ ಹಿಂದೆ ಫ್ಯಾನಿಡುವುದು. ನಮ್ಮ ಬಯಲುಸೀಮೆಯ ಒಣಗಾಳಿಗೆ ಇದು ಹೇಳಿ ಮಾಡಿಸಿದ ಉಪಾಯ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಹೀಗೆ ಮಾಡಿದರೆ ತಟ್ಟು ಮುಗ್ಗಲು ಹಿಡಿಯುತ್ತದೆ ಅಷ್ಟೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಗಟ್ಟಿಯಾಗಿಸಿ, ಬಟ್ಟೆ ಸುತ್ತಿ ಗೂಡಿನಲ್ಲಿಡುವುದೂ ಉಂಟು. ಅದಕ್ಕೆ ಫ್ರಿಜ್ಜು ನಡೆಯಬೇಕು, ಫ್ರಿಜ್ಜಿಗೆ ಕರೆಂಟು ಬೇಕು, ಮೇ ತಿಂಗಳ ಮಧ್ಯಾಹ್ನದ ಕರೆಂಟು ಅಂದರೆ ಮೊಲದ ಕೊಂಬಿದ್ದಂತೆ.

"ಬಕೆಟ್ಟಿಗೆ ಐಸು ಹಾಕಿ ಒಂದ್ಸಲ ಮುಳುಗಿಸಿ ತೆಗೀರಿ, ಎಲ್ಲ ಸರಿಹೋಗುತ್ತೆ" ಎಂದ ಅಣ್ಣಾರಿಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಎಲ್ಲ ಸರಿಹೋಗುತ್ತದೆ, ಮೊಲ ಇರುವುದಿಲ್ಲ. ಕಾದ ಮೈ ಒಮ್ಮೆಲೇ ಐಸುನೀರಿಗೆ ಬಿದ್ದರೆ ಆ ಆಘಾತಕ್ಕೇ ಪ್ರಾಣ ಹೋಗಬಹುದು. ಸದಾ ಮೂಗಿನಲ್ಲೇ ಉಸಿರಾಡುವ ಪ್ರಾಣಿ ಬಾಯಿ ತೆರೆದು ಏದುಸಿರು ಬಿಡಲು ಶುರುಮಾಡಿದರೆ, ಜೊಲ್ಲು ಸುರಿಸಿ ಮೈ ಚೆಲ್ಲಿದರೆ, ಕಿವಿ ಒದ್ದೆ ಮಾಡಿಕೊಂಡು ನೇರ ದನದಾಸ್ಪತ್ರೆಗೆ ಓಡಬೇಕು. ದಾರಿಯಲ್ಲಿ ಸಲಹೆ ಕೊಡಲು ನಿಲ್ಲಿಸಬೇಡಿ.

ಎರಡನೇ ಪಾಳಿಯ ವಿಷಯದಲ್ಲಿ ನಿಮ್ಮ ನಿಲುವು ಸರಳ. ಮಳೆ ಬಂದರೆ ಒಳ್ಳೆಯದು, ತಂಪಾಗುತ್ತದೆ. ಮಳೆಗೆ ಮುಂಚೆ ಬರುವ ಗಾಳಿ ಯಾರದ್ದೋ ಮನೆಯ ತಗಡನ್ನು ನಮ್ಮ ತಾರಸಿಗೂ ನಮ್ಮ ತಗಡನ್ನು ಇನ್ಯಾರದ್ದೋ ಮಾವಿನ ಮರಕ್ಕೂ ಒಪ್ಪಿಸುತ್ತದೆ. ಆಲಿಕಲ್ಲು ಉಳಿದ ಶೀಟಿನ ಮೇಲೆ ಡೊಳ್ಳು ಬಾರಿಸುತ್ತದೆ. ನೀವು ಕಿಟಕಿಯಲ್ಲಿ ನಿಂತು ಮಂಡಕ್ಕಿ ಮಿರ್ಚಿ ತಿನ್ನುತ್ತ ಮಣ್ಣಿನ ವಾಸನೆ ಹೀರುತ್ತಿರುವಾಗ ನಾನು ಗೂಡನ್ನು ಮೆಟ್ಟಿಲಿಳಿಸುತ್ತಿರುತ್ತೇನೆ. ಒಮ್ಮೆ ಸಹಾಯಕ್ಕೆಂದು ಬಂದ ಮಹನೀಯರೊಬ್ಬರು ಗುಂಡನನ್ನು ಸೀದಾ ಕಿವಿ ಹಿಡಿದು ಎತ್ತಿದರು, ಸಿನಿಮಾದಲ್ಲಿ ಜಾದೂಗಾರ ಟೋಪಿಯಿಂದ ತೆಗೆಯುತ್ತಾನಲ್ಲ, ಹಾಗೆ. ಮೊಲದ ಇಡೀ ಅಸ್ಥಿಪಂಜರ ದೇಹತೂಕದ ಸುಮಾರು ಶೇ. 8 ಮಾತ್ರ; ಹಿಂಗಾಲಿನ ಬಲವೋ ವಿಪರೀತ. ಗುಡುಗಿಗೆ ಬೆದರಿ ಗಾಳಿಯಲ್ಲಿ ಒದ್ದರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳುತ್ತದೆ. ಒಂದು ಕೈ ಎದೆಗೆ, ಒಂದು ಕೈ ಹಿಂಭಾಗಕ್ಕೆ ಕೊಟ್ಟು ಮೈಗೆ ಒತ್ತಿ ಹಿಡಿಯಬೇಕು. ಗುಂಡ ಅಂದು ಆ ಮಹನೀಯರ ಬಿಳಿ ಪಂಚೆಯ ಮೇಲೆ ತನ್ನ ಅಭಿಪ್ರಾಯವನ್ನು ಹಸಿಯಾಗಿಯೇ ದಾಖಲಿಸಿದ, ಬೆನ್ನು ಉಳಿಯಿತು.

ಮಳೆ ನಿಂತ ಮೇಲಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಒದ್ದೆ ಹುಲ್ಲು ಬೂಷ್ಟು ಹಿಡಿಯುವ ಮೊದಲು ತೆಗೆಯಬೇಕು, ಗೂಡಿನ ತಳ ಒಣಗಿಸಬೇಕು. ದಿನಕ್ಕೆರಡು ಸಲ ಎರಡೂ ಮೊಲಗಳ ಬಾಲದಡಿ ಇಣುಕಬೇಕು. ಅಲ್ಲಿ ಹಿಕ್ಕೆ ಮೆತ್ತಿಕೊಂಡಿದ್ದರೆ ನೊಣ ಬಂದು ಮೊಟ್ಟೆಯಿಡುತ್ತದೆ, ಒಂದೇ ದಿನದೊಳಗೆ ಹುಳ ಹೊರಬಂದು ಜೀವಂತ ಮಾಂಸಕ್ಕೇ ಬಾಯಿ ಹಾಕುತ್ತದೆ. ಇದಕ್ಕೆ ಸಲಹೆ ಕೊಡಲು ನಿಮ್ಮಲ್ಲಿ ಒಬ್ಬರೂ ಮುಂದೆ ಬಂದಿಲ್ಲ. ವಿಷಯ ಅಷ್ಟು ಗೌರವಯುತವಲ್ಲ ಅಂತಲೋ ಏನೋ.

ಈಗ ರಾತ್ರಿ ಪಾಳಿ. ಓಣಿಯ ಸೊಳ್ಳೆಗೆಲ್ಲ ನಮ್ಮ ಮೊಲಗಳೇ ಕಾರಣ ಎಂದು ನೀವು ಸಹಿ ಸಂಗ್ರಹ ಮಾಡಿ ಅರ್ಜಿ ಕೊಟ್ಟಿದ್ದೀರಂತೆ. ಸೊಳ್ಳೆ ಮೊಲದಲ್ಲಿ ಹುಟ್ಟುವುದಿಲ್ಲ ಸ್ವಾಮಿ, ನಿಂತ ನೀರಿನಲ್ಲಿ ಹುಟ್ಟುತ್ತದೆ. ಮೊಟ್ಟೆಯಿಂದ ರೆಕ್ಕೆ ಬರಲು ಈ ಸೆಕೆಯಲ್ಲಿ ಎಂಟು ಹತ್ತು ದಿನ ಸಾಕು. ಆಮೇಲೆ ಅದು ನಿಮ್ಮ ತೋಳನ್ನೂ ಕಡಿಯುತ್ತದೆ, ತುಪ್ಪಳವಿಲ್ಲದ ಜಾಗ ಹುಡುಕಿ ಚುಕ್ಕಿಯ ಕಿವಿಯಂಚನ್ನೂ ರೆಪ್ಪೆಯನ್ನೂ ಕಡಿಯುತ್ತದೆ. ಬೆಳಗ್ಗೆ ಆ ಕಿವಿಯ ಮೇಲೆ ಸಾಸಿವೆಯಷ್ಟೇ ದದ್ದುಗಳು ಸಾಲಾಗಿ ಎದ್ದಿರುತ್ತವೆ.

ಪರಿಹಾರ ಹೇಳುವುದರಲ್ಲಿ ನೀವು ಉದಾರಿಗಳು. ಗೂಡಿನೊಳಗೇ ಸೊಳ್ಳೆ ಬತ್ತಿ ಹಚ್ಚಿಡಿ ಎಂದಿರಿ. ಆ ಹೊಗೆ ಕುಡಿದರೆ ಸೊಳ್ಳೆಗಿಂತ ಮೊದಲು ಮೊಲದ ಶ್ವಾಸಕೋಶ ಕೆಡುತ್ತದೆ. ನಾಯಿಯ ಉಣ್ಣಿಗೆ ಹೊಡೆಯುವ ಸ್ಪ್ರೇ ತಂದುಕೊಟ್ಟಿರಿ; ಅದರಲ್ಲಿದ್ದ ಫಿಪ್ರೊನಿಲ್ ನಾಯಿಗೆ ಔಷಧ, ಮೊಲಕ್ಕೆ ಯಮಪಾಶ. ಹೊಗೆ ಗಾಡಿ ತರಿಸಿ ಎಂದು ಗದ್ದಲ ಮಾಡಿದಿರಿ. ಅದೂ ಬಂತು, ಸರಿಯಾಗಿ ಗಾಳಿಗೆಂದು ಎಲ್ಲರೂ ಕಿಟಕಿ ತೆರೆಯುವ ಹೊತ್ತಿಗೆ. ಮಕ್ಕಳು ಹಿಂದೆ ಓಡಿದರು, ನೀವು ಫೋಟೋ ತೆಗೆದಿರಿ, ಹಾರುತ್ತಿದ್ದ ಒಂದಿಷ್ಟು ಸೊಳ್ಳೆ ಸತ್ತವು. ನೀರಿನಲ್ಲಿದ್ದ ಅವುಗಳ ಮಕ್ಕಳಿಗೆ ಹೊಗೆಯ ಸುದ್ದಿಯೂ ತಲುಪಲಿಲ್ಲ. ಆ ನೀರು ಎಲ್ಲಿದೆ ಎಂದು ಹುಡುಕಿದರೆ ಅರ್ಜಿಯ ಮೊದಲ ಸಹಿದಾರರ ತಾರಸಿಯಲ್ಲೇ ಸಿಕ್ಕಿತು: ಮುಚ್ಚಳವಿಲ್ಲದ ನೀಲಿ ಡ್ರಮ್ಮು, ಮೇಲೆ ನೋಡಿದರೆ ಸ್ವಚ್ಛ ನೀರು, ಬೆರಳು ತಾಗಿಸಿದರೆ ತಲೆಕೆಳಗಾಗಿ ನೇತಾಡುತ್ತಿದ್ದ ಹುಳುಗಳ ಇಡೀ ಸಂಸಾರ ಕೊಂಕುತ್ತ ತಳಕ್ಕಿಳಿಯಿತು. ಚೆಲ್ಲಿಬಿಡೋಣವೇ ಅಂದೆ. "ಮಳೆನೀರು ಕಣ್ರೀ, ಚೆಲ್ಲಬಾರದು, ಪ್ರಕೃತಿ ಕೊಟ್ಟಿದ್ದು" ಅಂದರು.

ಆ ಮಾತು ಕೇಳಿ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಇತಿಹಾಸ ನೆನಪಾಯಿತು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಎಳೆಯ ಸೇನಾ ವೈದ್ಯ ಬೆಂಗಳೂರಿಗೆ ಬಂದಿದ್ದ. ಬಂಗಲೆಯ ತುಂಬ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗೇ ನೀರಿನ ತೊಟ್ಟಿ, ಅದರೊಳಗೆ ಸೊಳ್ಳೆ ಮರಿ. ತೊಟ್ಟಿ ಮಗುಚಿದ, ಕಾಟ ಇಳಿಯಿತು. ಮೆಸ್ಸಿನ ತೊಟ್ಟಿಗಳನ್ನೂ ಹೀಗೇ ಮಾಡೋಣ ಎಂದು ಅಲ್ಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಸೊಳ್ಳೆಯೂ ಯಾವುದೋ ಉದ್ದೇಶಕ್ಕೇ ಹುಟ್ಟಿದೆ, ಪ್ರಕೃತಿಯ ನಿಯಮ ಕೆಡಿಸಬಾರದು, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂದನೆಂದು ರಾಸ್ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. 1897ರಲ್ಲಿ ಇದೇ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡುಹಿಡಿದ, 1902ರಲ್ಲಿ ನೊಬೆಲ್ ಪಡೆದ. ಆ ಮೆಸ್ಸಿನ ಅಧಿಕಾರಿಗೆ ಪ್ರಶಸ್ತಿ ಬಂದದ್ದು ಎಲ್ಲೂ ದಾಖಲಾಗಿಲ್ಲ. ಆದರೆ ಸಂತಾನ ಚೆನ್ನಾಗಿ ಬೆಳೆದಿದೆ. ನಮ್ಮ ಓಣಿಯಲ್ಲೇ ಮೂರ್ನಾಲ್ಕು ಮನೆ ಇದೆ.

ಸೊಳ್ಳೆ ಮತ್ತು ಮೊಲ ಸೇರಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಆಸ್ಟ್ರೇಲಿಯಾದವರನ್ನು ಕೇಳಿ. ಬೆಳೆ ತಿನ್ನುವ ಮೊಲಗಳನ್ನು ಮುಗಿಸಲು ಅಲ್ಲಿ 1950ರಲ್ಲಿ ಮಿಕ್ಸೊಮಾ ಎಂಬ ವೈರಸ್ ಬಿಟ್ಟರು. ಶುರುವಿನಲ್ಲಿ ಏನೂ ಆಗಲಿಲ್ಲ. ಬೇಸಿಗೆ ಬಂತು, ಮರ‍್ರೇ ನದಿಯ ಉದ್ದಕ್ಕೂ ಸೊಳ್ಳೆ ಎದ್ದವು, ರೋಗ ಹೊತ್ತು ಹಾರಿದವು. ಆರಂಭದಲ್ಲಿ ಸೋಂಕು ತಗುಲಿದ ಮೊಲಗಳಲ್ಲಿ ನೂರಕ್ಕೆ 99 ಸತ್ತವು. ಎರಡು ವರ್ಷದ ಮೇಲೆ ಫ್ರಾನ್ಸಿನ ಅರ್ಮಾಂ-ದೆಲೀಲ್ ಎಂಬ ವೈದ್ಯರು ತಮ್ಮ ಎಸ್ಟೇಟಿನ ಮೊಲ ತೊಲಗಲಿ ಎಂದು ಅದೇ ವೈರಸ್ ತರಿಸಿ ಎರಡು ಮೊಲಗಳಿಗೆ ಚುಚ್ಚಿ ಬಿಟ್ಟರು. ಸುತ್ತ ಗೋಡೆ ಇದೆಯಲ್ಲ, ಹೊರಗೆ ಹೋಗುವುದಿಲ್ಲ ಎಂಬುದು ಅವರ ಲೆಕ್ಕ. ಕೆಲವೇ ವರ್ಷಗಳಲ್ಲಿ ಅರ್ಧ ಯುರೋಪಿನ ಮೊಲಗಳು ನೆಲಕಚ್ಚಿದವು. ಅವರು ಹಿಡಿದ ಮೊಲಕ್ಕೂ ಮೂರೇ ಕಾಲಿದ್ದವು ಅನ್ನಿ.

ನಾನು ಮಾಡಿರುವುದು ಅಂಥ ಸಾಹಸವಲ್ಲ. ಹಳೆಯ ಸೊಳ್ಳೆ ಪರದೆಯನ್ನು ಗೂಡಿಗೆ ಬಿಗಿದು, ಮೊಲ ಕಚ್ಚಿ ಹರಿಯದಂತೆ ಜಾಲರಿಯ ಹೊರಗಡೆ ಕಟ್ಟಿದ್ದೇನೆ. ಬೋಗುಣಿಯ ನೀರು ದಿನವೂ ಬದಲು, ಹೂಕುಂಡದ ತಟ್ಟೆ ಮಗುಚಿ ಇಟ್ಟಿದೆ. ನಿಮ್ಮ ಡ್ರಮ್ಮಿಗೆ ಅಳತೆ ತೆಗೆದು ಒಂದು ಮುಚ್ಚಳವನ್ನೂ ಮಾಡಿಸಿದ್ದೇನೆ. ಸಹಿ ಹಾಕಿ ಒಯ್ಯಬಹುದು, ಅರ್ಜಿಯ ಪೆನ್ನೇ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಾಲ್ಕು ಕಾಲಿನ ಮೊಲ ಸಾಕಿದವ

ವಿ.ಸೂ.: ಮೊಲ ಸಾಕಣೆಯಲ್ಲಿ ಲಕ್ಷ ಲಕ್ಷ ಲಾಭವಿದೆ, ಚುಕ್ಕಿ-ಗುಂಡರ ನಡುವಿನ ಜಾಲರಿ ತೆಗೆದುಬಿಡಿ, 31 ದಿನಕ್ಕೊಮ್ಮೆ ಮರಿ ಎಣಿಸಬಹುದು ಎಂದು ಪಾಲುದಾರಿಕೆಗೆ ಕರೆಯುತ್ತಿರುವವರ ಗಮನಕ್ಕೆ. ಹಿಂದೆ ಎಮು ಹಕ್ಕಿ ಸಾಕಣೆಗೂ ಇದೇ ಲಾಭದ ಲೆಕ್ಕ ಹೇಳಿದವರೂ ನೀವೇ ಅಲ್ಲವೇ? ಬಿಸಿಲು ದಿನಗಟ್ಟಲೆ 30 ಡಿಗ್ರಿ ಮೀರಿದರೆ ಗಂಡು ಮೊಲಕ್ಕೆ ತಾತ್ಕಾಲಿಕ ಬಂಜೆತನ ಬರುತ್ತದೆ, ಸುಧಾರಿಸಲು ವಾರಗಟ್ಟಲೆ ಬೇಕು. ಗುಂಡ ಸದ್ಯಕ್ಕೆ ಯಾವ ವ್ಯವಹಾರಕ್ಕೂ ಲಭ್ಯನಿಲ್ಲ. ಆಷಾಢ ಕಳೆಯಲಿ, ಮಾತಾಡೋಣ.