ಗದ್ದಲ ಮೀಮಾಂಸೆ: ನಡುವಯಸ್ಸಿನ ಇಬ್ಬರು ಗೆಳೆಯರು ಬೇರೆಯಾಗದಿರುವುದೇಕೆ?

ಸ್ನೇಹ ಮಾತಿನಿಂದ ಬೆಳೆಯುತ್ತದೆ ಎಂಬ ಮತ ಲೋಕದಲ್ಲಿ ಬಹುಕಾಲದಿಂದ ಬಾಳಿಕೊಂಡು ಬಂದಿದೆ. ಪ್ರಸ್ತುತ ಪ್ರಬಂಧ ಅದರ ಖಂಡನೆಗೆ ಹೊರಟಿದೆ. ಎಲ್ಲೆಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಷ್ಟು ಸದ್ದಿದೆಯೋ ಅಲ್ಲಲ್ಲಿ ಸ್ನೇಹ ದೀರ್ಘಾಯು ಎಂಬುದೇ ನಮ್ಮ ವ್ಯಾಪ್ತಿ, ಅಂದರೆ ತಪ್ಪದ ನಿಯಮ. ಹೊಗೆ ಕಂಡು ಬೆಂಕಿ ಊಹಿಸುವ ನೈಯಾಯಿಕರು ದೃಷ್ಟಾಂತ ಕೇಳದೆ ಬಿಡುವವರಲ್ಲ. ಅವರಿಗಾಗಿ ಅಮೆರಿಕದ ಪ್ರಾವಿಡೆನ್ಸ್ ನಗರದ ಲೈಟ್ನಿಂಗ್ ಬೋಲ್ಟ್ ತಂಡವನ್ನು ಮುಂದಿಡುತ್ತೇನೆ. ಬೇಸ್ ಗಿಟಾರಿಗೆ ಬ್ರಯಾನ್ ಗಿಬ್ಸನ್, ಡ್ರಮ್ಸಿಗೆ ಬ್ರಯಾನ್ ಚಿಪೆಂಡೇಲ್, ಮುಗಿಯಿತು. ಅಲ್ಲಿನ ಕಲಾಶಾಲೆಯಲ್ಲಿ ಓದುತ್ತಿದ್ದಾಗ, 1994ರಲ್ಲಿ, ಶುರುವಾದ ಈ ಅಬ್ಬರ ಇಬ್ಬರೂ ಐವತ್ತರ ಆಸುಪಾಸು ತಲುಪಿದರೂ ತಗ್ಗಿಲ್ಲ. ಇಬ್ಬರ ಹೆಸರೂ ಒಂದೇ ಆಗಿರುವುದನ್ನು ವಿದ್ವಾಂಸರು ಗಮನಿಸಬೇಕು: ಅಕಸ್ಮಾತ್ ಕೂಗು ಕೇಳಿಸಿದರೂ ಯಾರನ್ನು ಕರೆದದ್ದೆಂದು ತಿಳಿಯುವಂತಿಲ್ಲ.

ಮೊದಲು ಗಣಿತ. ಇಬ್ಬರ ನಡುವೆ ಇರುವುದು ಒಂದೇ ಸಂಬಂಧ. ಮೂವರಲ್ಲಿ ಮೂರು, ನಾಲ್ವರಲ್ಲಿ ಆರು, ಐವರಲ್ಲಿ ಹತ್ತು. ಮುನಿಸಿಗೆ ಆರು ದಾರಿಗಳನ್ನು ತೆರೆದಿಟ್ಟುಕೊಂಡಿದ್ದ ಬೀಟಲ್ಸ್ 1970ಕ್ಕೆ ಒಡೆಯಿತು. ಲೈಟ್ನಿಂಗ್ ಬೋಲ್ಟಿನಲ್ಲೂ ಆರಂಭದಲ್ಲಿ ಮೂರನೆಯವರೊಬ್ಬರು ಇದ್ದರು, ಬೇಗನೆ ಹೊರಟುಹೋದರು. ಉಳಿದಿಬ್ಬರು ಆ ಜಾಗ ತುಂಬುವ ಗೋಜಿಗೆ ಹೋಗಲಿಲ್ಲ. ಗಿಟಾರ್ ವಾದಕನಿಲ್ಲದೆ ಮೇಲಿನ ಸ್ವರಗಳ ಗತಿಯೇನು ಎಂದು ಕೇಳಬಹುದು. ಗಿಬ್ಸನ್ ಬೇಸನ್ನು ಚೆಲ್ಲೋದಂತೆ ಪಂಚಮದ ಅಂತರದಲ್ಲಿ ಶ್ರುತಿ ಮಾಡಿ, ಮೇಲಕ್ಕೆ ಬ್ಯಾಂಜೋ ತಂತಿ ಬಿಗಿದು, ಗಿಟಾರಿಗನ ನೌಕರಿಯನ್ನೇ ರದ್ದುಪಡಿಸಿದ್ದಾರೆ.

ಇನ್ನು ಮಾತಿನ ನಿಗ್ರಹ. ಡ್ರಮ್ಸ್ ಬಾರಿಸುತ್ತಲೇ ಹಾಡುವ ಚಿಪೆಂಡೇಲ್ ಮುಖಕ್ಕೊಂದು ಮುಸುಕು ಹಾಕಿ, ಅದರೊಳಗೆ ಟೆಲಿಫೋನ್ ರಿಸೀವರಿನ ಮೈಕ್ ಸಿಕ್ಕಿಸಿಕೊಳ್ಳುತ್ತಾರೆ. ದೂರದವರ ಮಾತನ್ನು ಹತ್ತಿರ ತರಲೆಂದು ಹುಟ್ಟಿದ ಉಪಕರಣ ಹತ್ತಿರದವರ ಮಾತನ್ನು ಅಳಿಸುವುದಕ್ಕೆ ಒದಗಿದ್ದು ತಂತ್ರಜ್ಞಾನದ ಚರಿತ್ರೆಯಲ್ಲಿ ಗಣ್ಯ ಘಟನೆ. ಪದವೊಂದೂ ತಿಳಿಯದ ಮೇಲೆ ಆಕ್ಷೇಪಿಸುವುದಾದರೂ ಯಾವುದನ್ನು? ವೇದಿಕೆಯನ್ನೂ ಬಿಟ್ಟು ನೆಲದ ಮೇಲೆ, ಜನರ ನಡುವೆಯೇ ನಿಂತು ನುಡಿಸುತ್ತಿದ್ದ ರೂಢಿಯಿಂದ ಮುಂದಿನ ಸಾಲು ಯಾರದು ಎಂಬ ಜಗಳವೂ ಇಲ್ಲವಾಯಿತು. ಆದರೆ ನಿಜವಾದ ಮದ್ದು ಮನೋಧರ್ಮ, ಅಂದರೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವುದು. ಬರೆದಿಟ್ಟ ಸಂಗೀತದಲ್ಲಿ ತಪ್ಪು ಎಂಬುದೊಂದಿದೆ, ತಪ್ಪಿದ್ದಲ್ಲಿ ತಪ್ಪಿತಸ್ಥನಿರುತ್ತಾನೆ, ತಪ್ಪಿತಸ್ಥನಿದ್ದಲ್ಲಿ ಕಾರ್ಯಕ್ರಮ ಮುಗಿಸಿ ವ್ಯಾನಿನಲ್ಲಿ ಮರಳುವಾಗ ವಿಚಾರಣೆ ನಡೆಯುತ್ತದೆ. ಮುಂದೇನು ಬರಬೇಕೆಂದು ಇಬ್ಬರಿಗೂ ಗೊತ್ತಿಲ್ಲದಾಗ, ಬಂದದ್ದೆಲ್ಲ ಬರಬೇಕಾದದ್ದೇ. ದಾಂಪತ್ಯಶಾಸ್ತ್ರಜ್ಞರು ಇದನ್ನು ಇನ್ನೂ ಅಭ್ಯಸಿಸದಿರುವುದು ಸೋಜಿಗ.

ಪೂರ್ವಪಕ್ಷಿ, ಅಂದರೆ ಎದುರುವಾದಿ, ಸುಮ್ಮನಿರುವುದಿಲ್ಲ. ಸೈಮನ್ ಮತ್ತು ಗಾರ್ಫಂಕಲ್ ಕೂಡ ಇಬ್ಬರೇ, 1970ರಲ್ಲಿ ಬೇರೆಯಾದರಲ್ಲ ಎನ್ನುತ್ತಾನೆ. ಎವರ್ಲಿ ಸೋದರರು ಒಡಹುಟ್ಟಿದವರಾಗಿಯೂ 1973ರಲ್ಲಿ ಕ್ಯಾಲಿಫೋರ್ನಿಯಾದ ವೇದಿಕೆಯ ಮೇಲೆಯೇ ಮುರಿದುಕೊಂಡರಲ್ಲ? ಈ ಆಕ್ಷೇಪಕ್ಕೆ ನಾವು ಋಣಿಗಳು. ಇವರೆಲ್ಲ ಮೆಲ್ಲಗೆ, ಸುಶ್ರಾವ್ಯವಾಗಿ, ಪ್ರತಿ ಅಕ್ಷರವೂ ಪರಸ್ಪರ ಕೇಳಿಸುವಂತೆ ಹಾಡಿದವರು. ಪರಿಣಾಮ ಎದುರಿಗಿದೆ. ಹಾಗಾದರೆ ಸದ್ದು ಮಾಡಿಯೂ ಒಡೆದ ವೈಟ್ ಸ್ಟ್ರೈಪ್ಸ್ ಜೋಡಿ? ಅದರಲ್ಲಿ ಗಿಟಾರ್ ಇತ್ತು, ಮುಂದಿನ ಪ್ರಶ್ನೆ.

ಮುಂದಿನದು ಸ್ವಲ್ಪ ಬಿಗಿ. ಟೊರಾಂಟೊದ ಡೆತ್ ಫ್ರಮ್ ಅಬವ್ 1979 ಬೇಸ್ ಮತ್ತು ಡ್ರಮ್ಸಿನದೇ ಜೋಡಿ, ಸದ್ದಿಗೂ ಬಡತನವಿರಲಿಲ್ಲ, ಆದರೂ 2006ರಲ್ಲಿ ನಿಂತಿತು. ಇಲ್ಲಿಯೇ ಶೀರ್ಷಿಕೆಯ 'ನಡುವಯಸ್ಸಿನ' ಎಂಬ ವಿಶೇಷಣದ ಸಾರ್ಥಕ್ಯ. ಇಪ್ಪತ್ತರ ಹರೆಯದಲ್ಲಿ ಮನುಷ್ಯನಿಗೆ ಅಭಿಪ್ರಾಯಗಳಿರುತ್ತವೆ, ಅವು ಎಂಥ ಆಂಪ್ಲಿಫೈಯರನ್ನೂ ದಾಟಿ ಬರುತ್ತವೆ. ಐವತ್ತರಲ್ಲಿ ಸೊಂಟನೋವಿರುತ್ತದೆ, ಅದರ ಬಗ್ಗೆ ಭಿನ್ನಾಭಿಪ್ರಾಯ ಹುಟ್ಟುವುದಿಲ್ಲ. ಅದೇ ಜೋಡಿ 2011ರಲ್ಲಿ ಮತ್ತೆ ಒಂದಾದದ್ದು ವಯಸ್ಸು ಮಾಡಿದ ಕೆಲಸವಲ್ಲದೆ ಬೇರೇನು? ಇಷ್ಟು ಸದ್ದು ಕಿವಿಗೆ ಕೇಡು ಎಂಬ ವೈದ್ಯರ ಆಕ್ಷೇಪ ಮಾತ್ರ ಗಂಭೀರವಾದದ್ದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧವಾಗುತ್ತ, 100ಕ್ಕೆ ಬರುವ ಹೊತ್ತಿಗೆ 15 ನಿಮಿಷ ಉಳಿಯುತ್ತದೆ. ಆದ್ದರಿಂದ ಕಿವಿಗೆ ಬಿರಡೆ ಅವಶ್ಯ, ವಾದಕರಿಗೂ ಶ್ರೋತೃಗಳಿಗೂ. ಬಿರಡೆ ಹಾಕಿದ ಮೇಲೆ ಗೆಳೆಯನ ಮಾತು ಇನ್ನಷ್ಟು ಕೇಳಿಸದಾಗುವುದರಿಂದ ಸಿದ್ಧಾಂತಕ್ಕೆ ಲಾಭವೇ.

ಪೂರ್ವಪಕ್ಷಿಯ ಬತ್ತಳಿಕೆಯಲ್ಲಿ ಇನ್ನು ಜಪಾನಿನ ರುಯಿನ್ಸ್ ತಂಡವೊಂದೇ ಉಳಿಯಿತು. ಆ ತಂಡ ಹುಟ್ಟಿದ್ದು 1985ರಲ್ಲಿ. ಅದರ ಡ್ರಮ್ಮರ್ ತತ್ಸುಯಾ ಯೋಶಿದಾ ಒಬ್ಬರ ಹಿಂದೊಬ್ಬರಂತೆ ಬೇಸ್ ವಾದಕರನ್ನು ಕಂಡರು, ಕಡೆಗೆ ಮುದ್ರಿತ ಧ್ವನಿಯನ್ನು ಜೊತೆಗಿಟ್ಟುಕೊಂಡು 'ರುಯಿನ್ಸ್ ಅಲೋನ್' ಎಂಬ ಹೆಸರಿನಲ್ಲಿ ತಾವೊಬ್ಬರೇ ಬಾರಿಸತೊಡಗಿದರು. ಇದರಿಂದ ನಮ್ಮ ವ್ಯಾಪ್ತಿಗೆ ವ್ಯಭಿಚಾರ ದೋಷ, ಅಂದರೆ ನಿಯಮ ತಪ್ಪಿದ ದೋಷ, ತಗಲುತ್ತದೆಂದು ಪೂರ್ವಪಕ್ಷಿ ಹಿಗ್ಗಬೇಕಾಗಿಲ್ಲ. ಮೇಲಿನ ಗಣಿತದಂತೆ ಒಬ್ಬನಲ್ಲಿ ಸಂಬಂಧಗಳ ಸಂಖ್ಯೆ ಸೊನ್ನೆ. ಮುರಿಯಲು ಏನೂ ಉಳಿದಿಲ್ಲವಾದ್ದರಿಂದ ಆ ತಂಡ ನಮ್ಮ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೆ ಅರ್ಹ.