ನಾಕು ಮೀಟರಿನ ದೊಡ್ಡಸ್ತಿಕೆ

ತಗೊಂಡ್ರಂತಲ್ಲ, ಖರೇನ? ಮುಚ್ಚಿಡಬ್ಯಾಡ್ರಿ. ಮುದನಾಳದಾಗ ಯಾರರ ಗಾಡಿ ತಗೊಂಡ್ರ, ಶೋರೂಮಿನಿಂದ ಗಾಡಿ ಹೊರಬೀಳೋದ್ರೊಳಗ ಸುದ್ದಿ ಊರು ಮುಟ್ಟಿರ್ತದ. ಬಿಳೀದು, ಹೌದಿಲ್ಲೋ? (ಮಗ ಕರೀದು ಬೇಕಂತ ಹಟ ಹಿಡಿದಿದ್ದ. ಯಾದಗಿರಿ ಬಿಸಲಾಗ ಕರೀ ಗಾಡಿ ಅಂದ್ರ ರೊಟ್ಟಿ ಹಂಚು ಅಂತ ನೀವೇ ಬಾಯಿ ಮುಚ್ಚಿಸಿದ್ರಿ. ಅದೂ ಗೊತ್ತಾಗ್ಯಾದ.)

ಮೈಲಾಪುರ ಮಲ್ಲಯ್ಯನ ಭಂಡಾರ ಹಚ್ಚಿಸಿದ್ರಿ, ಗಾಲಿ ಕೆಳಗ ಲಿಂಬಿಹಣ್ಣು ಇಟ್ಟು ಹಾಯಿಸಿದ್ರಿ. ಸೀಟಿನ ಪ್ಲಾಸ್ಟಿಕ್ ಮಾತ್ರ ಯಾಕ ತೆಗೀಲಿಲ್ಲ? ಬೆವತ ಬೆನ್ನಿಗೆ ಅಂಟಿಕೊಂಡು, ಇಳಿಯುವಾಗ ಚರ್ ಅಂತ ಕಿತ್ತು ಬರ್ತದ. ಆದ್ರೂ ಇರಬೇಕು. ಅದು ಹರಿದ ದಿನ ಗಾಡಿ ಹಳೇದಾತು ಅಂತ ನಿಮ್ಮ ಲೆಕ್ಕ.

ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಎಸ್‌ಯುವಿನೇ ಯಾಕ ಬೇಕಾಗಿತ್ತು? "ನಮ್ಮ ರೋಡಿಗೆ ಎತ್ತರ ಗಾಡೀನೇ ಬೇಕ್ರಿ" ಅಂತೀರಿ. ಒಪ್ಪಿದೆ. "ಹೊಲಕ್ಕ ಹೋಗಬೇಕಲ್ರೀ" ಅಂತೀರಿ. ಹೂಂ. ಮತ್ತ ಮೊನ್ನಿ ಮಳಿ ಬಂದಾಗ ಹೊಲಕ್ಕ ಯಾವುದ್ರ ಮ್ಯಾಲ ಹೋದ್ರಿ? ಅದೇ ಹಳೀ ಬೈಕು! ಕೆಸರು ಸಿಡಿದೀತು ಅಂತ ಎಸ್‌ಯುವಿ ಮನಿ ಮುಂದ ತಾಡಪತ್ರಿ ಹೊದ್ದು ಮಲಗಿತ್ತು.

ಹಿಂದ ಡಿಕ್ಕಿಯಾಗ ನಾಕು ಜೋಳದ ಚೀಲ ಹಿಡಿಸಂಗಿಲ್ಲ ಅಂತ ಕಂಪನಿಯವರನ್ನ ಬೈತೀರಲ್ಲ, ಬೈಬೇಕಾದ್ದು ದಿಲ್ಲಿಯ ಟೇಪನ್ನ. 2006ರ ಕೇಂದ್ರ ಬಜೆಟ್ಟಿನಾಗ ಸಣ್ಣ ಕಾರಿನ ಎಕ್ಸೈಸ್ ಸುಂಕ 24%ದಿಂದ 16%ಕ್ಕ ಇಳೀತು. ಆದ್ರ ಉದ್ದ 4 ಮೀಟರ್ ದಾಟಬಾರದು, ಪೆಟ್ರೋಲ್ ಇಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರಬಾರದು. ಅಲ್ಲಿಂದ ಶುರುವಾತು ನೋಡ್ರಿ ಕತ್ತರಿ ಕೆಲಸ.

2013ಕ್ಕ ಇಕೋಸ್ಪೋರ್ಟ್ ಬಂತು, 2016ಕ್ಕ ಬ್ರೆಝಾ, ಮರುವರ್ಷ ನೆಕ್ಸಾನ್, 2019ಕ್ಕ ವೆನ್ಯೂ, 2020ಕ್ಕ ಸೋನೆಟ್. ಟೇಪು ಹಿಡಿದು ನೋಡ್ರಿ, ಬಹುತೇಕ ಎಲ್ಲಾ 3,995 ಮಿಲಿಮೀಟರ್ ಆಜೂಬಾಜೂ. ಉಳಿದ ಐದು ಮಿಲಿಮೀಟರ್ ಯಾಕ ಬಿಟ್ರೋ? (ಸುಂಕದ ಸಾಹೇಬ್ರ ಟೇಪು ಜಗ್ಗಿರಬಹುದು ಅಂತ ಹೆದರಿಕಿ ಇರಬೇಕು.)

2025ರ ಸೆಪ್ಟೆಂಬರ್ 22ರಿಂದಂತೂ ಈ ಅಳತಿಯೊಳಗಿನ ಪೆಟ್ರೋಲ್, ಡೀಸೆಲ್ ಗಾಡಿಗೆ ಜಿಎಸ್‌ಟಿ 18%, ದಾಟಿದ್ರ 40%. ಅಂದ್ರ ಏನಾತು? ನೀವು ದೊಡ್ಡ ಗಾಡಿ ಅಂತ ತಂದದ್ದು ಸರ್ಕಾರದ ವಹಿಯಾಗ ಸಣ್ಣ ಕಾರು! ಹೆದರಬ್ಯಾಡ್ರಿ, ನಿಮ್ಮ ಬೀಗರ ಮುಂದ ನಾ ಬಾಯಿ ಬಿಡಂಗಿಲ್ಲ. (ಕಾಕಾನ ಬೊಲೆರೊ ನೋಡಿ ನಗ್ತೀರಲ್ಲ, ಅದೂ ಈಗ ಇಷ್ಟೇ ಉದ್ದ. ಅವರಿಗೆ ಗೊತ್ತಾದ್ರ ನಗೋ ಪಾಳಿ ಅವರದು.)

ಇನ್ನ ಗ್ರೌಂಡ್ ಕ್ಲಿಯರೆನ್ಸ್. 200 ಮಿಲಿಮೀಟರ್ ಅಂತ ಎದಿ ಉಬ್ಬಿಸಿ ಹೇಳ್ತೀರಿ. ನಮ್ಮ ಎರಿ ಮಣ್ಣಿಗೆ ಬ್ರೋಶರ್ ಓದ್ಲಿಕ್ಕ ಬರಂಗಿಲ್ರೀ. ಬ್ಯಾಸಗ್ಯಾಗ ಕಾಲು ಸಿಗಬೀಳೋವಷ್ಟು ಬಿರೀತದ, ನೀರು ಕುಡಿದ್ರ ಉಬ್ಬತದ. ಟಯರಿನ ಗೆರಿಯೊಳಗ ಮೆತ್ತಿಕೊಂಡಿತಂದ್ರ ಗಾಲಿ ನುಣ್ಣಗಾಗಿ ನಿಂತಲ್ಲೇ ಗರಗರ. ಥಾರ್, ಜಿಮ್ನಿ ಅಂಥವು ಬಿಡ್ರಿ. ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್ ಎಲ್ಲಾದ್ರಾಗೂ ಎಳೆಯೋವು ಮುಂದಿನ ಎರಡೇ ಗಾಲಿ.

ಆವಾಗ ಟ್ರ್ಯಾಕ್ಟರ್ ಬರ್ತದ. ಯಾರದು? ಗಾಡಿ ತಂದ ದಿನ ಪೇಡಾ ಕೊಡೋದು ಮರ್ತಿದ್ರಲ್ಲ, ಬಾಜೂ ಹೊಲದವ, ಅವಂದೇ. ಹಗ್ಗ ಹಿಡಕೊಂಡು ಬಂಪರ್ ಸವರ್ತಾನ. "ಹುಕ್ ಎಲ್ಲದ್ರೀ ಸಾಹುಕಾರ್ರ?" ನೀವು ಅವನ ಜೋಡಿ ಬಗ್ಗಿ ಹುಡುಕ್ತೀರಿ. (ಬಹಳ ಗಾಡಿಗಳಾಗ ಅದು ಸ್ಟೆಪ್ನಿ ಹತ್ರ ಜಾಕು, ಪಾನಾದ ಜೋಡಿ ಬ್ಯಾರೇನೇ ಇಟ್ಟಿರ್ತಾರ. ಬಂಪರಿನ ಸಣ್ಣ ಮುಚ್ಚಳ ಎಬ್ಬಿಸಿ, ತಿರುವಿ ಕೂಡ್ರಿಸಬೇಕು. ಇವತ್ತೇ ನೋಡ್ಕೊಂಡು ಇಡ್ರಿ.) ಅವ ಎಳೀತಾನ, ನಗಂಗಿಲ್ಲ. ರಾತ್ರಿ ಕಟ್ಟಿಮ್ಯಾಗ ಎಲ್ಲಾರಿಗೂ ಹೇಳುವಾಗ ನಗ್ತಾನ.

ಕಟ್ಟಿ ಅಂದಕೂಡ್ಲೇ ನೆನಪಾತು, ಮೈಲೇಜ್ ಎಷ್ಟು ಕೊಡ್ತದ? "ಇಪ್ಪತ್ತಕ್ಕ ಮೋಸ ಇಲ್ಲ" ಅಂತ ಕಟ್ಟಿಮ್ಯಾಗ ಕೂತು ಅಂದ್ರಲ್ಲ, ಎಲ್ಲಿ, ನನ್ನ ಮಾರಿ ನೋಡಿ ಇನ್ನೊಮ್ಮೆ ಅನ್ರಿ! ಕಂಪನಿ ಹೇಳೋ ಅಂಕಿ ಲ್ಯಾಬಿನೊಳಗ ರೋಲರ್ ಮ್ಯಾಲ ಗಾಡಿ ಓಡಿಸಿ ತೆಗೆದದ್ದು. ಅಲ್ಲಿ ಎಸಿ ಹಚ್ಚಂಗಿಲ್ಲ, ಹಂಪ್ ಇಲ್ಲ, ಅಡ್ಡ ಬರೋ ಎಮ್ಮಿ ಇಲ್ಲ. ಶಹಾಪುರದಿಂದ ಸುರಪುರಕ್ಕ ಎಸಿ ಬಂದ್ ಮಾಡಿ, ಹೆಂಡ್ತಿ ಮಕ್ಕಳನ್ನ ಬೇಯಿಸಿ, ಮೀಟರಿನಾಗ 22 ಕಂಡಕೂಡ್ಲೇ ಫೋಟೊ ಹೊಡೆದು ಸ್ಟೇಟಸ್ ಇಟ್ರಿ. ಯಾದಗಿರಿ ಸ್ಟೇಷನ್ ರೋಡಿನಾಗ 11 ತೋರಿಸಿದಾಗ ಫೋನಿಗೆ ಚಾರ್ಜ್ ಇರಲಿಲ್ಲೇನು?

ಡೀಸೆಲ್ ತಗೊಂಡವರ ಕಥಿ ಬ್ಯಾರೆ. 2020ರ ಏಪ್ರಿಲ್‌ನಾಗ ಬಿಎಸ್-6 ನಿಯಮ ಬಂದ ಮ್ಯಾಲ ಹೊಗಿ ಹೋಗೋ ದಾರ್ಯಾಗ ಡಿಪಿಎಫ್ ಅಂತ ಮಸಿ ಹಿಡಿಯೋ ಜಾಳಗಿ ಬಂದದ. ಮನಿಯಿಂದ ಚಾದಂಗಡಿ, ಚಾದಂಗಡಿಯಿಂದ ಮನಿ ಅಂತ ಓಡಿಸಿದ್ರ ಅದು ಕಾಯಂಗಿಲ್ಲ, ಮಸಿ ಸುಡಂಗಿಲ್ಲ, ಕಡೀಕ ಲೈಟ್ ಹತ್ತತದ. ಮದ್ದು ಏನಂದ್ರ ದೊಡ್ಡ ರೋಡಿಗೆ ಹಾಕಿ ಸ್ವಲ್ಪೊತ್ತು ಒಂದೇ ಸ್ಪೀಡಿನಾಗ ಬಿಡಬೇಕು. "ಹೊತ್ತಲ್ಲದ ಹೊತ್ತಿನಾಗ ಸುರಪುರಕ್ಕ ಯಾಕ?" ಅಂತ ಮನ್ಯಾಕಿ ಕೇಳಿದ್ರ "ಮಸಿ ಸುಡ್ಲಿಕ್ಕ" ಅಂದು ನೋಡ್ರಿ, ಏನು ಸುಡ್ತದ ಗೊತ್ತಾಗ್ತದ.

ಮತ್ತ ಆ ಸನ್‌ರೂಫ್! ಮೇ ತಿಂಗಳು 42 ಡಿಗ್ರಿ ಮುಟ್ಟೋ ಊರಾಗ ತಲಿ ಮ್ಯಾಲ ಕಿಟಕಿ ಬೇಕಂತ ಹೆಚ್ಚಿನ ರೊಕ್ಕ ಕೊಟ್ಟು, ಮರುದಿನ ಅದರ ಕೆಳಗ ಬಟ್ಟಿ ಸಿಗಿಸಿದ್ರಿ. ತೆಗೆಯೋದು ಲಗ್ನಕ್ಕ ಹೋಗುವಾಗ ಅಷ್ಟೇ, ಅದೂ ಹುಡುಗ್ರು ತಲಿ ಹೊರಗ ಹಾಕ್ಲಿಕ್ಕ. (ಅದನ್ನ ಮೊದ್ಲು ನಿಲ್ಲಸ್ರಿ. ಬ್ರೇಕ್ ಹೊಡೆದ್ರ ಹುಡುಗನ ಕುತ್ತಿಗಿ ಏನಾದೀತು? ಇದು ಚೇಷ್ಟಿ ಮಾತಲ್ಲ.)

ನಿಮ್ಮ ಶಹಾಪುರದ ಫೋಟೊನೂ ನೋಡೀನಿ. ಬುದ್ಧ ಮಲಗಿದಂಗ ಕಾಣೋ ಗುಡ್ಡದ ಮುಂದ ಗಾಡಿ ಅಡ್ಡ ನಿಲ್ಲಿಸೀರಿ, ಬಾಗಿಲಕ್ಕ ಒರಗಿ ಕಪ್ಪು ಕನ್ನಡಕ ಹಾಕೀರಿ. ಎಲ್ಲಾ ಛಲೋ ಬಂದದ. ಬುದ್ಧನ ಮಾರಿ ಮಾತ್ರ ಬೋನೆಟ್ ಹಿಂದ ಹೋಗ್ಯಾದ. "ಹಿಂದ ಯಾವ ಗುಡ್ಡರೀ?" ಅಂತ ಯಾರೂ ಕೇಳಿಲ್ಲ. ಎಲ್ಲಾರೂ ಕೇಳಿದ್ದು "ಟಾಪ್ ಮಾಡೆಲ್ ಏನ್ರೀ?" ಅಂತ. ನೀವು ಹೆಬ್ಬೆಟ್ಟು ಎತ್ತಿದ ಚಿತ್ರ ಹಾಕಿ ಸುಮ್ಮನಾದ್ರಿ. ಟಾಪ್‌ದ ಕೆಳಗಿಂದು ಅಂತ ಹೇಳಿದ್ರ ಏನು ಹೋಗ್ತಿತ್ತು?

ಇರ್ಲಿ, ಸಂಕ್ರಾಂತಿಗೆ ಮೈಲಾಪುರ ಜಾತ್ರಿಗೆ ಗಾಡಿ ತಗೀತೀರಂತ ಕೇಳ್ದೆ. ಐದು ಸೀಟಿನಾಗ ಎಂಟು ಮಂದಿ ಈಗಾಗಲೇ ಲೆಕ್ಕ ಹಾಕೀರಿ, ಅದೂ ಗೊತ್ತು. ಹಿಂದಿನ ನಡುವಿನ ಸೀಟಿಗೆ ಯಾರನ್ನ ಕೂಡ್ರಿಸ್ತೀರಿ? ಎಸಿ ಗಾಳಿ ಸಿಗೋದು ಅಲ್ಲೇ ಅಂತ ಅತ್ತಿಗೆ ಹೇಳೀರೇನು? ಹೇಳ್ರಿ, ಹೇಳ್ರಿ. ನಾ ಮುಂದ ಕೂಡ್ತೀನಿ, ನನಗ ಹಿಂದ ಕೂತ್ರ ತಲಿ ತಿರುಗ್ತದ.